ಭರತ್‌ಪುರಕ್ಕೆ ಹೋದರೆ ಒಂದು ರಾತ್ರಿಯಾದರೂ ಉಳಿಯಿರಿ

ತಾಜ್ ಮಹಲ್ ನೋಡಿಕೊಂಡು, ಹಾಗೇ ಎರಡು ಗಂಟೆ ರಾಜಸ್ಥಾನದ ಭರತ್‌ಪುರದ ಹಕ್ಕಿಗಳನ್ನೂ ನೋಡಿಬಿಡೋಣ ಅಂತ ಪ್ಲಾನ್ ಹಾಕಿದ್ದರೆ ಈಗಲೇ ಬದಲಾಯಿಸಿ. ನಾವು ಹಾಗೆ ಮಾಡಿಯೇ ಕೆಟ್ಟೆವು. ಆಗ್ರಾದಿಂದ ಬರೀ 55 ಕಿ.ಮೀ. ಅಲ್ವಾ, ಬೆಳಗ್ಗೆ ಏಳಕ್ಕೆ ಗೇಟ್ ಹತ್ತಿರ ಇರ್ತೀವಿ ಅಂದುಕೊಂಡು ಹೊರಟರೆ ಡಿಸೆಂಬರ್ ಕೊನೆಯ ಮಂಜು, ಮುಂದೆ ಹೋಗುವ ಲಾರಿಯ ಕೆಂಪು ದೀಪವೂ ಕಾಣದಷ್ಟು. ತಲುಪಿದ್ದು ಹತ್ತೂವರೆಗೆ. ಆಗಲೂ ನೀರಿನ ಆಚೆ ದಡ ಕಾಣಲಿಲ್ಲ, ಸುತ್ತ ಹಕ್ಕಿಗಳ ಗಲಾಟೆ ಮಾತ್ರ. ಸಂಜೆಯ ರೈಲು ಟಿಕೆಟ್ ಕ್ಯಾನ್ಸಲ್ ಮಾಡಿ ಅಲ್ಲೇ ಉಳಿದೆವು. ಮಂಜು ಬೇಡ ಅಂದರೆ ನವೆಂಬರ್ ಅಥವಾ ಫೆಬ್ರವರಿ ಮೊದಲ ವಾರ ಆರಿಸಿಕೊಳ್ಳಿ.

ಈ ಹಕ್ಕಿಗಳಿರುವ ಕೇವಲಾದೇವ್ ಪಾರ್ಕ್ ಸುಮಾರು 29 ಚದರ ಕಿ.ಮೀ. ಅಷ್ಟೇ, ಆದರೆ ನಡೆದು ಮುಗಿಸುವಂಥದ್ದಲ್ಲ. ಮೊದಲ ದಿನ ರಿಕ್ಷಾ ಹಿಡಿಯಿರಿ, ನಮಗೆ ಸಿಕ್ಕಿದ್ದು ಸೈಕಲ್ ರಿಕ್ಷಾ. ಓಡಿಸುವವರಿಗೆ ಹಕ್ಕಿ ಗುರುತಿಸುವ ತರಬೇತಿ ಕೊಟ್ಟಿರುತ್ತಾರೆ. ನಮ್ಮವರು ತುಳಿಯುತ್ತಲೇ ಮರದ ಪೊಟರೆಯಲ್ಲಿ ಕೂತಿದ್ದ ಪುಟ್ಟ ಗೂಬೆ ತೋರಿಸಿದರು, ನಾನೊಬ್ಬನೇ ಹೋಗಿದ್ದರೆ ಅದು ತೊಗಟೆ ಅಂದುಕೊಂಡು ಮುಂದೆ ಹೋಗಿರುತ್ತಿದ್ದೆ. ಎರಡನೇ ದಿನ ಬಾಡಿಗೆ ಸೈಕಲ್ ತಗೊಂಡು ನಿಮ್ಮಿಷ್ಟದ ಕಡೆ ಸುಮ್ನೆ ಕೂತುಬಿಡಿ. ಬ್ರೇಕ್ ಮಾತ್ರ ಗೇಟಲ್ಲೇ ನೋಡಿಕೊಳ್ಳಿ, ನನ್ನ ಸೈಕಲ್‌ಗೆ ಇರಲೇ ಇಲ್ಲ.

ಕೊಕ್ಕರೆ ಬೆಳ್ಳೂರು ನೋಡಿದವರಿಗೆ ಇಲ್ಲೊಂದು ಮಜಾ ಇದೆ. ಅದೇ ಬಣ್ಣದ ಕೊಕ್ಕರೆಗಳು ಇಲ್ಲಿ ಮಳೆಗಾಲದ ಕೊನೆಗೇ ಜಾಲಿಮರಗಳಲ್ಲಿ ಗೂಡು ಕಟ್ಟುತ್ತವೆ. ಹಾಗಾಗಿ ಡಿಸೆಂಬರ್‌ನಲ್ಲಿ ಮರಿಗಳು ಆಗಲೇ ದೊಡ್ಡವಾಗಿ ಅಪ್ಪ ಅಮ್ಮನ ಹತ್ತಿರ ಮೀನಿಗೆ ಜಗಳ ಆಡ್ತಿರುತ್ತವೆ, ನಮ್ಮೂರಲ್ಲಿ ಆಗಿನ್ನೂ ಗೂಡಿನ ಕೆಲಸವೇ ಸರಿಯಾಗಿ ಶುರುವಾಗಿರಲ್ಲ. ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಸಿಕ್ಕವು. ಹಿಂದೆ ಚಳಿಗಾಲಕ್ಕೆ ಇಲ್ಲಿಗೆ ಬರುತ್ತಿದ್ದ ಸೈಬೀರಿಯನ್ ಕ್ರೇನ್ ಮಾತ್ರ ಕೇಳಬೇಡಿ, 2002ರ ನಂತರ ಅವು ಇತ್ತ ಬಂದಿಲ್ಲ.

ಪಾರ್ಕಿನೊಳಗಿನ ಕೇವಲಾದೇವ್ ಶಿವನ ಗುಡಿಯ ಹತ್ತಿರ ಒಂದು ಕಲ್ಲಿನ ಫಲಕವಿದೆ. ರಾಜರ ಕಾಲದ ಬೇಟೆಯ ಲೆಕ್ಕ. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್ಗೋ ಬಂದಾಗ ಒಂದೇ ದಿನಕ್ಕೆ 4,273 ಹಕ್ಕಿ. ಓದಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನೊಂದು ವಿಷಯ. ಇಲ್ಲಿನ ನೀರು ತಾನಾಗಿ ನಿಂತದ್ದಲ್ಲ, ಪಕ್ಕದ ಅಜಾನ್ ಬಂಡ್ ಎಂಬ ಅಣೆಕಟ್ಟೆಯಂಥ ಕಡೆಗಳಿಂದ ಬಿಟ್ಟರೆ ಉಂಟು. ಮಳೆ ಕೈಕೊಟ್ಟ ವರ್ಷ ಕೊಳಗಳು ಒಣಗಿ ಹಕ್ಕಿಗಳೂ ಕಡಿಮೆ. ಆದ್ದರಿಂದ ರೈಲು ಬುಕ್ ಮಾಡುವ ಮೊದಲು ಉಳಿಯುವ ಲಾಡ್ಜಿಗೆ ಫೋನ್ ಮಾಡಿ "ಈ ಸಲ ನೀರು ಇದೆಯಾ" ಅಂತ ಕೇಳಿ. ಮತ್ತೆ ಸ್ವೆಟರ್ ಜೊತೆ ಕೈಗವಸೂ ಇರಲಿ, ಬೆಳಗಿನ ಚಳಿಗೆ ನನ್ನ ಬೆರಳು ದುರ್ಬೀನಿನ ಫೋಕಸ್ ತಿರುಗಿಸಲೂ ಒಪ್ಪಲಿಲ್ಲ.