ಮನೆಯಲ್ಲಿ ಥರ್ಮಾಮೀಟರ್ ಇದೆಯಾ ಅಂತ ನಾನು ಕೇಳಿರಲಿಲ್ಲ

ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಡಾಕ್ಟರ್ ಆಗಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಹಾವೇರಿ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಸ್ತನ ಕ್ಯಾನ್ಸರಿಗೆ ಕಿಮೋ ತಗೊಳ್ಳಲು ಬರುತ್ತಿದ್ದರು. ಎರಡನೇ ಕಿಮೋ ಆದ 11ನೇ ದಿನ ಮಗ ಅವರನ್ನು ಎತ್ತಿಕೊಂಡೇ ಬಂದ. ಬಿಪಿ 80ಕ್ಕೆ ಇಳಿದಿತ್ತು. ಎರಡು ದಿನದಿಂದ ಜ್ವರವಂತೆ.

"ಮೊನ್ನೇನ ಯಾಕ ಬರಲಿಲ್ಲ?" ಅಂದೆ.

"ಡೋಲೋ ಕೊಟ್ರ ಇಳೀತಿತ್ರಿ. ರಾತ್ರಿ ನಿಮಗ್ಯಾಕ ತ್ರಾಸ ಕೊಡೂದು ಅಂತ ಸುಮ್ನಿದ್ವಿರಿ."

ಅವನ ಚೀಲದಲ್ಲಿ ರಿಪೋರ್ಟುಗಳ ನಡುವೆ ನಾನು ಕೊಟ್ಟ ಹಾಳೆ ಇತ್ತು. ಮಡಿಚಿದ್ದು ಮಡಿಚಿದ ಹಾಗೇ. ಜ್ವರ 100.4 ಮುಟ್ಟಿದರೆ ತಕ್ಷಣ ಬನ್ನಿ ಅಂತ ಅದರಲ್ಲಿತ್ತು, ಇಂಗ್ಲಿಷಿನಲ್ಲಿ. ಅವರ ಮನೆಯಲ್ಲಿ ಥರ್ಮಾಮೀಟರೇ ಇರಲಿಲ್ಲ. ತಪ್ಪು ನನ್ನದೇ. ಒಂಬತ್ತು ದಿನ ಐಸಿಯುನಲ್ಲಿದ್ದು ಆ ತಾಯಿ ಉಳಿದುಕೊಂಡರು.

ರಕ್ತಕಣ ಹುಟ್ಟುವ ಮೂಳೆಯ ಮಜ್ಜೆಯನ್ನೂ ಕಿಮೋ ಹೊಡೆಯುತ್ತದೆ. ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ತೀರಾ ಕಡಿಮೆಯಾಗುತ್ತದೆ. ಆಗ ಸೋಂಕು ತಗಲಿದರೆ ಎಷ್ಟೋ ಸಲ ಕೀವು, ಊತ ಏನೂ ಕಾಣುವುದಿಲ್ಲ. ಇರುವ ಸುಳಿವು ಜ್ವರ ಒಂದೇ. ಡೋಲೋ ನುಂಗಿದರೆ ಅದೂ ಮುಚ್ಚಿಹೋಗುತ್ತದೆ. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಬೀಳಬೇಕು. ಬೆಳಗಾಗಲಿ ಅಂತ ಕಾಯುವ ಜ್ವರ ಅಲ್ಲ ಇದು.

ಈಗ ಮೊದಲ ಕಿಮೋ ದಿನವೇ ಮೆಡಿಕಲ್ ಶಾಪಿನಿಂದ ಡಿಜಿಟಲ್ ಥರ್ಮಾಮೀಟರ್ ತರಿಸುತ್ತೇವೆ. ನಮ್ಮ ಸಿಸ್ಟರ್ ಎದುರಿಗೇ ಹಾಕಿ ನೋಡಿಸುತ್ತಾರೆ. ಕ್ಯಾಲೆಂಡರಿನಲ್ಲಿ ಆ ಎಂಟು ದಿನಕ್ಕೆ ಕೆಂಪು ಗುರುತು. ರಾತ್ರಿ ಗಾಡಿ ಯಾರದು, ಡ್ರೈವರ್ ಯಾರು ಅಂತಲೂ ಕೇಳುತ್ತೇನೆ. "ತಿಳೀತಾ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಹೂಂ ಅಂತಾರೆ, ಅಲ್ವಾ? "ಜ್ವರ ಬಂದ್ರ ಏನ್ ಮಾಡ್ತೀರಿ, ನೀವ ಹೇಳ್ರಿ" ಅಂತೇನೆ. ದೂರದವರ ಕೈಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಒಂದು ಚೀಟಿ: ಇವರಿಗೆ ಕಿಮೋ ನಡೆದಿದೆ, ಮೊದಲ ಆಂಟಿಬಯಾಟಿಕ್ ಅಲ್ಲೇ ಕೊಟ್ಟು ಕಳಿಸಿ.

ಒಬ್ಬ ಅಜ್ಜಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಜೊತೆಗೆ ಬಂದಿದ್ದ ಮೊಮ್ಮಗ ಐದನೇ ಕ್ಲಾಸು. ಅವನಿಗೇ ಕಲಿಸಿದೆವು. ಹೋದ ತಿಂಗಳು ರಾತ್ರಿ ಎರಡೂವರೆಗೆ ಅವನೇ ಫೋನ್ ಮಾಡಿದ.

"ಡಾಕ್ಟ್ರ, ನೂರಾ ಒಂದು ಐತ್ರಿ. ಗುಳಿಗಿ ಕೊಟ್ಟಿಲ್ರಿ. ಗಾಡಿ ಬಂದೈತಿ."