ಕುಲಾವಿಯ ಒಳಗಿನ ಗಂಟು

ತಂಗಿಯ ಕೂಸಿಗೆ ಇವತ್ತು ಕುಲಾವಿ, ಅಂದರೆ ಕೂಸಿನ ಬಟ್ಟೆ ಟೊಪ್ಪಿಗೆ, ಹೊಲಿದೆ. ಮೂರು ತಿಂಗಳ ಕೂಸು, ತಲೆಯ ಸುತ್ತಳತೆ 16 ಇಂಚು.

ಹೊರಗಡೆಗೆ ಗುಳೇದಗುಡ್ಡದ ಖಣ. ಅವ್ವ ಕುಬಸಕ್ಕೆ ಅಂತ ಟ್ರಂಕಿನಲ್ಲಿ ಎತ್ತಿಟ್ಟಿದ್ದ ತುಂಡು. ಅಂಚಿನ ಕೆಂಪು ಇನ್ನೂ ಹಾಗೇ ಇದೆ. ಒಳಗಡೆಗೆ ಅವ್ವನದೇ ಹಳೇ ಕಾಟನ್ ಸೀರೆ. ಎಷ್ಟೋ ವರ್ಷ ಒಗೆದೊಗೆದು ಮೆತ್ತಗಾದ ಬಟ್ಟೆ. ಎಳೇ ಮೈಗೆ ಅದಕ್ಕಿಂತ ಹಿತವಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಅನ್ನಿಸುತ್ತದೆ ನನಗೆ.

ಮುಗಿಸಿ ಅವ್ವನ ಕೈಗೆ ಕೊಟ್ಟೆ. ಅವಳು ಅಂಚು ನೋಡಲಿಲ್ಲ, ನೆರಿಗೆ ನೋಡಲಿಲ್ಲ. ಸೀದಾ ಒಳಗೆ ಬೆರಳು ಹಾಕಿ ಸುತ್ತಲೂ ಸವರಿದಳು. ಒಂದು ಕಡೆ ಬೆರಳು ನಿಂತಿತು.

“ಇಲ್ಲೊಂದು ಗಂಟು ಐತಿ ನೋಡವ್ವಾ. ಕೂಸಿಗೆ ಚುಚ್ಚತೈತಿ.”

ಸಾಸಿವೆ ಕಾಳಿಗಿಂತ ಸಣ್ಣದು. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹಾಗೇ ಹಾಕಿದ್ದರೆ, ಕೂಸಿಗೆ ಮಾತು ಬರುವುದಿಲ್ಲ ಅಲ್ವಾ, ಸುಮ್ನೆ ಅಳುತ್ತಿತ್ತು. ನಾವು ಹಸಿವು ಅಂದುಕೊಳ್ಳುತ್ತಿದ್ದೆವು.

ಬಿಚ್ಚಿದೆ. ಗಂಟನ್ನು ಎರಡು ಪದರದ ನಡುವೆ ಸೇರಿಸಿ ಮತ್ತೆ ಹೊಲಿದೆ. ಮುತ್ತು, ಗೆಜ್ಜೆ ಏನೂ ಹಚ್ಚಲಿಲ್ಲ, ಕಿತ್ತು ಬಾಯಿಗೆ ಹಾಕಿಕೊಂಡರೆ ಕಷ್ಟ. ಕಟ್ಟುವ ಕಸಿಯನ್ನೂ ಗಿಡ್ಡ ಮಾಡಿದೆ. ಮಲಗಿಸುವಾಗ ಕುಲಾವಿ ತೆಗೆದೇ ಮಲಗಿಸು ಅಂತ ತಂಗಿಗೆ ಹೇಳಬೇಕು.

ನಾನು ಚಿಕ್ಕವಳಿದ್ದಾಗ ಹಾಕಿದ ಅಂಗಿಗಳ ಒಳಗೂ ಹೀಗೇ ಅವಳ ಬೆರಳು ಆಡಿರಬೇಕು. ನನಗೆ ನೆನಪಿರುವುದು ಬರೀ ಹೂವು, ಬಣ್ಣ.

ಅವ್ವ ಈಗ ಮತ್ತೆ ಇಸಿದುಕೊಂಡು ಸವರುತ್ತಿದ್ದಾಳೆ.