ಪತ್ರೊಡೆ ಕೊಯ್ಯುವ ಚೂರಿ, ಅಜ್ಜನ ರೇಜರು

ಆಟಿ ತಿಂಗಳಲ್ಲಿ ನಮ್ಮನೆಯಲ್ಲಿ ಪತ್ರೊಡೆ ಆಗದೆ ಇರುವುದಿಲ್ಲ. ಮೊನ್ನೆ ಭಾನುವಾರ ಬೇಯಿಸಿ ತಣಿಸಿಟ್ಟ ಸುರುಳಿ ಕೊಯ್ಲಿಕ್ಕೆ ಅಮ್ಮ ಹೊರಟ್ರೆ ಚೂರಿ ಕೊಯ್ಯುವ ಬದ್ಲು ಒತ್ತುತ್ತಾ ಉಂಟು, ಕೆಸುವಿನ ಎಲೆಯ ಪದರ ಎಲ್ಲ ಬಿಚ್ಚಿ ಹಿಟ್ಟು ಬದಿಯಿಂದ ಹೊರಗೆ ಬಂತು. "ಎಂತ ಚೂರಿ ಮಾರಾಯ ಇದು" ಅಂದ್ರು. ಮಳೆ ಶುರುವಾದ ಮೇಲೆ ನಾನದನ್ನು ಕಲ್ಲಿಗೆ ಹಾಕಿರ್ಲೇ ಇಲ್ಲ.

ಒಮ್ಮೆ ಉಡುಪಿ ಪೇಟೆಯಲ್ಲಿ ಸಾಣೆ ಚಕ್ರದವರ ಹತ್ರ ಕೊಟ್ಟಿದ್ದೆ, ಕಿಡಿ ಹಾರಿಸಿ ಎರಡು ನಿಮಿಷದಲ್ಲಿ ವಾಪಸ್ ಕೊಟ್ರು, ಅಂಚು ನೀಲಿ ಆಗಿತ್ತು. ನೀಲಿ ಅಂದ್ರೆ ಉಕ್ಕು ಕಾದು ಹದ ಹೋಯ್ತು ಅಂತ ಅರ್ಥ, ಆ ಭಾಗ ಸವೆದು ಹೋಗುವ ತನಕ ಎಷ್ಟು ಮಸೆದ್ರೂ ಹರಿತ ನಿಲ್ಲುವುದಿಲ್ಲ. ಅಲ್ಲಿಂದ ಮನೆಯಲ್ಲೇ ಮಸೆಯುವುದು.

1000 ಗ್ರಿಟ್ ಮಸೆಯುವ ಕಲ್ಲನ್ನು (ಗ್ರಿಟ್ ಸಂಖ್ಯೆ ಹೆಚ್ಚಾದಷ್ಟು ಕಲ್ಲು ನುಣುಪು) ನೀರಲ್ಲಿ ಮುಳುಗಿಸಿ ಗುಳ್ಳೆ ಬರುವುದು ನಿಂತ ಮೇಲೆ ಜಗಲಿಯಲ್ಲಿ ಕೂತೆ. ಕೋನ ಹೇಗೆ ಹಿಡಿಯುವುದು ಅಂತ ತುಂಬ ಜನ ಕೇಳ್ತಾರೆ. ಅಲಗು 45 ಮಿಲಿಮೀಟರ್ ಅಗಲ ಇದ್ರೆ ಬೆನ್ನು ಕಲ್ಲಿಂದ ಸುಮಾರು 12 ಮಿಲಿಮೀಟರ್ ಎತ್ತಿದ್ರೆ 15 ಡಿಗ್ರಿ ಆಗ್ತದೆ, ನಾಣ್ಯ ಪೇರಿಸಿ ಒಮ್ಮೆ ಅಳೆದು ನೋಡಿ, ಮತ್ತೆ ಕೈಗೆ ಗೊತ್ತಾಗ್ತದೆ. ಒತ್ತಡ ಜಾಸ್ತಿ ಬೇಡ. ಒಂದು ಬದಿ ಮಸೀತಾ ಹೋದ್ರೆ ಇನ್ನೊಂದು ಬದಿಗೆ ಸಣ್ಣ ಮುಳ್ಳು ಮಡಚಿಕೊಳ್ತದೆ, ಬರ್ ಅಂತಾರಲ್ಲ ಅದು. ಬೆನ್ನಿನಿಂದ ಅಂಚಿನ ಕಡೆಗೆ ಹೆಬ್ಬೆರಳು ಮೆಲ್ಲ ಜಾರಿಸಿದ್ರೆ ತಡೆದ ಹಾಗೆ ಆಗ್ಬೇಕು, ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೀಬೇಡಿ. ಹಿಡಿಯ ಹತ್ರದಿಂದ ತುದಿ ತನಕ ಆ ಮುಳ್ಳು ಸಿಗದೆ ಬದಿ ಬದ್ಲಿಸ್ಬಾರ್ದು, ಮುಂದಿನ ಕಲ್ಲಿಗೂ ಹೋಗ್ಬಾರ್ದು. ಹರಿತ ಬರ್ಲಿಲ್ಲ ಅಂತ ಹೇಳುವವರಲ್ಲಿ ಹೆಚ್ಚಿನವರು ಇಲ್ಲೇ ಅವಸರ ಮಾಡಿರ್ತಾರೆ, ನಾನೂ ವರ್ಷಗಟ್ಲೆ ಅದೇ ಮಾಡಿದ್ದು. ಮತ್ತೆ 3000, ಮತ್ತೆ ಚರ್ಮದ ಮೇಲೆ ನಾಲ್ಕೈದು ಸಲ ಎಳೆದ್ರೆ ಮುಳ್ಳು ಹೋಗ್ತದೆ.

ಅಜ್ಜನ ರೇಜರು, ಅಂದ್ರೆ ಹಳೆ ಕಾಲದ ಉದ್ದ ಅಲಗಿನ ಕ್ಷೌರದ ಕತ್ತಿ, ಅದರ ಲೆಕ್ಕವೇ ಬೇರೆ. ಅದನ್ನು ಮಲಗಿಸಿಯೇ ಮಸೆಯುವುದು, ದಪ್ಪ ಬೆನ್ನೂ ಅಂಚೂ ಎರಡೂ ಕಲ್ಲಿಗೆ ತಾಗ್ಬೇಕು, ಕೋನ ಆ ಬೆನ್ನಿನಲ್ಲೇ ಉಂಟು. ಇದಕ್ಕೆ ಮುಳ್ಳು ಬರಿಸ್ಲಿಕ್ಕಿಲ್ಲ. ಅಂಚಿಗೆ ಮಾರ್ಕರ್ ಹಚ್ಚಿ ಮಸೆದ್ರೆ ಶಾಯಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗ್ಲಿಲ್ಲ ಅಂತ ಕಾಣ್ತದೆ. 4000, 8000 ಆಗಿ ಸ್ಟ್ರಾಪಿಗೆ, ಅಂದ್ರೆ ರೇಜರ್ ಎಳೆಯುವ ಚರ್ಮದ ಪಟ್ಟಿಗೆ. ಚರ್ಮ ಬಿಗಿಯಾಗಿ ಎಳೆದು ಹಿಡೀಬೇಕು, ಸಡಿಲ ಇದ್ರೆ ಅಂಚು ಉರುಟಾಗ್ತದೆ. ಬೆನ್ನು ಮುಂದೆ, ಅಂಚು ಹಿಂದೆ, ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸ್ಬೇಕು. ನಾನು ಮೊದಲ ವಾರ ಅಂಚಿನ ಮೇಲೆ ಹೊರಳಿಸಿ ಚರ್ಮಕ್ಕೆ ಅರ್ಧ ಇಂಚು ಗಾಯ ಮಾಡಿದ್ದೆ, ಅದು ಇನ್ನೂ ಹಾಗೇ ಉಂಟು, ಕೈ ಆ ಜಾಗ ದಾಟುವಾಗ ಈಗ್ಲೂ ಜಾಗ್ರತೆ ಆಗ್ತದೆ. ಒಂದು ಐವತ್ತು ಸಲ ಎಳೆದ ಮೇಲೆ ಸದ್ದು ಬದ್ಲಾಗ್ತದೆ, ಚರ್ಮ ಅಂಚನ್ನು ಹಿಡಿದು ಹಿಡಿದು ಬಿಟ್ಟ ಹಾಗೆ.

ನಮ್ಮ ಕರಾವಳಿ ಮಳೆಗಾಲದಲ್ಲಿ ಕಾರ್ಬನ್ ಉಕ್ಕು ಒಂದೇ ರಾತ್ರಿಗೆ ತುಕ್ಕು ಹಿಡೀತದೆ, ಚರ್ಮಕ್ಕೆ ಬೂಷ್ಟು. ಕ್ಷೌರ ಆದ ಕೂಡ್ಲೇ ಒರೆಸಿ ಹೊಲಿಗೆ ಮೆಷಿನಿನ ಎಣ್ಣೆ ಒಂದು ಹನಿ ಸವರಿ ಇಡಿ. ತೆಂಗಿನೆಣ್ಣೆ ಬೇಡ, ದಿನ ಹೋದ ಹಾಗೆ ಅಂಟಾಗ್ತದೆ.

ಉಳಿದ ಎರಡು ಸುರುಳಿ ರಾತ್ರಿ ಅಮ್ಮ ಕೊಯ್ದ್ರು. ಚೂರಿ ತನ್ನ ಭಾರಕ್ಕೇ ಇಳೀತು, ಪದರಗಳು ಒಂದೊಂದೂ ಎಣಿಸುವ ಹಾಗೆ ನಿಂತಿದ್ವು, ಆಮೇಲೆ ಕಾವಲಿಗೆ ಎಣ್ಣೆ ಹಾಕಿದ್ರು.